ಮೊದಲು ಯಾವ ತಂತಿ ಬಿಚ್ಚಬೇಕು?

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯಲ್ಲಿ ಅಣ್ಣಿಗೇರಿ ಸಿಗುತ್ತದೆ. ಪಂಪನ ಊರು, ಅಮೃತೇಶ್ವರನ ಊರು ಎಂದು ಪುಸ್ತಕದಲ್ಲಿ ಓದಿಕೊಂಡು ಬಂದವರಿಗೆ ಬಸ್ಸಿಳಿದ ಕೂಡಲೇ ಕಣ್ಣಿಗೆ ಬೀಳುವುದು ಮಾತ್ರ ಟ್ರ್ಯಾಕ್ಟರುಗಳು. ಸುತ್ತಲೂ ಎರೆಭೂಮಿ. ಮುಂಗಾರಿಗೆ ಹೆಸರು, ಹತ್ತಿ, ಮೆಣಸಿನಕಾಯಿ. ಹಿಂಗಾರಿಗೆ ಕಡಲೆ, ಜೋಳ, ಕುಸುಬೆ. ಎರೆಮಣ್ಣಿನ ಹದ ಬಹಳ ದಿನ ಕಾಯುವುದಿಲ್ಲ. ಮಳೆ ಬಿಟ್ಟು ಹೊಲ ಹದಕ್ಕೆ ಬಂದ ನಾಲ್ಕು ದಿನದಲ್ಲಿ ಕೆಲಸ ಮುಗಿಯಬೇಕು. ಸರಿಯಾಗಿ ಅದೇ ನಾಲ್ಕು ದಿನದಲ್ಲಿ, ಬೇಸಿಗೆಯೆಲ್ಲ ಸುಮ್ಮನೆ ನಿಂತಿದ್ದ ಟ್ರ್ಯಾಕ್ಟರಿನ ಬ್ಯಾಟರಿ ಸೆಲ್ಫ್ ಎತ್ತುವುದಿಲ್ಲ, ಇಲ್ಲವೇ ಹೆಡ್‌ಲೈಟಿನ ವೈರು ಇಲಿ ಕಡಿದಿರುತ್ತದೆ. ಮಿಸ್ತ್ರಿ ಬರುವವರೆಗೆ ಕಾಯಲು ಯಾರಿಗೂ ಪುರುಸೊತ್ತಿಲ್ಲ. ಮನೆಯ ಹುಡುಗ, ಅದರಲ್ಲೂ ವಿಜ್ಞಾನ ಓದುತ್ತಿರುವ ಹುಡುಗ, ಪಾನಾ ಹಿಡಿದು ಬಾನೆಟ್ ಎತ್ತುತ್ತಾನೆ.

ಹಳೆಯ ಮಿಸ್ತ್ರಿಗಳು ತಮ್ಮ ಕೈಕೆಳಗಿನ ಹುಡುಗರಿಗೆ ಮೊದಲ ದಿನವೇ ಹೇಳುವ ಮಾತೊಂದಿದೆ: “ತಮ್ಮಾ, ಮೊದ್ಲ ಕರೇ ವೈರ್ ಬಿಚ್ಚು. ಕೆಂಪಂದು ಆಮ್ಯಾಲ.” ಹುಡುಗರು ಅದನ್ನು ಬಾಯಿಪಾಠ ಮಾಡುತ್ತಾರೆ. ಏಕೆ ಎಂದು ಕೇಳಿದರೆ ಬಹಳ ಜನರಿಗೆ ಉತ್ತರ ಗೊತ್ತಿರುವುದಿಲ್ಲ. ಕಾರಣ ಗೊತ್ತಿಲ್ಲದ ನಿಯಮವನ್ನು ಅವಸರದಲ್ಲಿ ಮರೆಯುವುದು ಸುಲಭ. ಹತ್ತನೆಯ ತರಗತಿಯ ವಿದ್ಯುತ್ ಪಾಠ ಓದಿದ ಯಾರೇ ಆದರೂ ಈ ಕಾರಣವನ್ನು ತಿಳಿಯಬಹುದು. ಬನ್ನಿ, ನೋಡೋಣ.

ಪೆಟ್ಟಿಗೆಯೊಳಗೆ ಏನಿದೆ?

ನಮ್ಮ ಟ್ರ್ಯಾಕ್ಟರು, ಜೀಪು, ಕಾರುಗಳಲ್ಲಿರುವ ಬ್ಯಾಟರಿಯ ಮೂಲಪುರುಷ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಆತ 1859ರಲ್ಲಿ ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ವಿದ್ಯುತ್ಕೋಶವನ್ನು ತಯಾರಿಸಿದ. ಇಂದಿಗೂ ಮೂಲ ಸೂತ್ರ ಅದೇ. ಒಂದು ಕಡೆ ಸೀಸ, ಇನ್ನೊಂದು ಕಡೆ ಸೀಸದ ಡೈಆಕ್ಸೈಡ್, ನಡುವೆ ನೀರು ಬೆರೆಸಿದ ಗಂಧಕಾಮ್ಲ. ಇಂಥ ಒಂದು ಕೋಶ ಸುಮಾರು 2.1 ವೋಲ್ಟ್ ಕೊಡುತ್ತದೆ. ಆರು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ 12.6 ವೋಲ್ಟ್. ನಾವು ಬಾಯಿಮಾತಿನಲ್ಲಿ 12 ವೋಲ್ಟಿನ ಬ್ಯಾಟರಿ ಎನ್ನುತ್ತೇವೆ.

ಬ್ಯಾಟರಿ ಚಾರ್ಜ್ ಆಗುವಾಗ, ಅದರಲ್ಲೂ ತುಂಬುವ ಹಂತದಲ್ಲಿ, ಒಳಗಿನ ನೀರು ಒಡೆದು ಜಲಜನಕ ಮತ್ತು ಆಮ್ಲಜನಕ ಹೊರಬರುತ್ತವೆ. ಜಲಜನಕ ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಬೆರೆತರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ನೂರಕ್ಕೆ ಎಪ್ಪತ್ತೈದರವರೆಗೂ ಅದರ ಈ ಗುಣ ಹೋಗುವುದಿಲ್ಲ. ಇಷ್ಟು ವಿಸ್ತಾರವಾದ ಅಪಾಯದ ಮಿತಿ ಇರುವ ಅನಿಲಗಳು ಕಡಿಮೆ. ಹೀಗೆ ಆಮ್ಲ, ಸುಡುವ ಅನಿಲ ಮತ್ತು ವಿದ್ಯುತ್ತು ಈ ಮೂರೂ ಒಂದೇ ಪೆಟ್ಟಿಗೆಯಲ್ಲಿವೆ. ಬ್ಯಾಟರಿ ಸಿಡಿದಾಗ ಮುಚ್ಚಳದ ಚೂರುಗಳ ಜೊತೆಗೆ ಆಮ್ಲವೂ ಮುಖಕ್ಕೆ ಹಾರುತ್ತದೆ. ಹೋಗುವುದು ಹೆಚ್ಚಾಗಿ ಕಣ್ಣು.

12 ವೋಲ್ಟಿಗೆ ಏಕೆ ಹೆದರಬೇಕು?

“ಮನೆಯ ಕರೆಂಟು 230 ವೋಲ್ಟ್. ಇದು ಬರೀ 12. ಮುಟ್ಟಿದರೂ ಏನೂ ಆಗುವುದಿಲ್ಲ” ಎಂಬ ಮಾತು ಕೇಳಿರಬಹುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಒಣಗಿದ ಕೈಯ ರೋಧ ಹತ್ತಾರು ಸಾವಿರ ಓಂ ಇರುತ್ತದೆ. ಐವತ್ತು ಸಾವಿರ ಓಂ ಎಂದಿಟ್ಟುಕೊಳ್ಳಿ. ಓಮನ ನಿಯಮದಂತೆ 12ನ್ನು 50,000ದಿಂದ ಭಾಗಿಸಿದರೆ ಬರುವ ಪ್ರವಾಹ ಒಂದು ಮಿಲಿಆಂಪಿಯರಿನ ಕಾಲು ಭಾಗದಷ್ಟು. ಮೈಗೆ ಅದರ ಅರಿವೂ ಆಗುವುದಿಲ್ಲ.

ಈಗ ಕೈಯ ಬದಲು ಕಬ್ಬಿಣದ ಪಾನಾ ಎರಡು ತುದಿಗಳಿಗೆ ಒಟ್ಟಿಗೆ ತಾಗಿತು ಎನ್ನಿ. ಬ್ಯಾಟರಿಯ ಒಳರೋಧ, ಪಾನಾದ ರೋಧ, ತಾಗಿದ ಜಾಗದ ರೋಧ ಎಲ್ಲ ಸೇರಿ 0.02 ಓಂ ಆಗಿದ್ದರೆ ಪ್ರವಾಹ ಎಷ್ಟು? 12 ಭಾಗಿಸು 0.02, ಅಂದರೆ 600 ಆಂಪಿಯರ್! ಟ್ರ್ಯಾಕ್ಟರಿನ 60 ವ್ಯಾಟಿನ ಒಂದು ಹೆಡ್‌ಲೈಟ್ ಬಲ್ಬಿಗೆ ಬೇಕಾದದ್ದು ಬರೀ 5 ಆಂಪಿಯರ್. ಶಕ್ತಿಯ ಲೆಕ್ಕ ಹಾಕಿದರೆ 12 ಗುಣಿಸು 600, ಅಂದರೆ 7,200 ವ್ಯಾಟ್. ಸ್ನಾನದ ನೀರು ಕಾಯಿಸುವ ಒಂದು ಸಾವಿರ ವ್ಯಾಟಿನ ಏಳು ಕಾಯಿಲ್‌ಗಳ ಬಿಸಿ. ಅದು ಬ್ಯಾಟರಿಯೊಳಗೆ, ಪಾನಾದಲ್ಲಿ ಮತ್ತು ತಾಗಿದ ಬಿಂದುವಿನಲ್ಲಿ ಹಂಚಿಹೋಗುತ್ತದೆ. ತಾಗಿದ ಬಿಂದು ಎಷ್ಟು ಚಿಕ್ಕದೋ ಅಷ್ಟು ಬೇಗ ಕರಗುತ್ತದೆ. ಪಾನಾ ಅಲ್ಲಿಯೇ ಬೆಸೆದುಕೊಂಡು ಕೆಂಪಗೆ ಕಾಯುವುದು, ಕಿಡಿ ಹಾರಿ ಮೇಲಿನ ಜಲಜನಕಕ್ಕೆ ಹೊತ್ತುವುದು ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಬೆರಳಿನಲ್ಲಿ ಉಂಗುರವಿದ್ದು ಅದೇ ಈ ದಾರಿಯಾದರೆ ಬೆರಳಿನ ಸುತ್ತ ಸುಟ್ಟಗಾಯ. 12 ವೋಲ್ಟಿನ ಬ್ಯಾಟರಿ ಶಾಕ್ ಹೊಡೆಯದೆ ಇರಬಹುದು. ಸುಡುವುದರಲ್ಲಿ ಅದು ಹಿಂದೆ ಬೀಳುವುದಿಲ್ಲ.

ಕೀಲಿ ತೆಗೆದರೆ ಸಾಕಲ್ಲವೆ ಎಂದು ಕೇಳಬಹುದು. ಸಾಲದು. ಬ್ಯಾಟರಿಯಿಂದ ಸೆಲ್ಫ್ ಮೋಟಾರಿಗೆ ಹೋಗುವ ದಪ್ಪ ವೈರು ಮತ್ತು ಆಲ್ಟರ್ನೇಟರಿನ ಮುಖ್ಯ ವೈರು ಕೀಲಿ ತೆಗೆದರೂ ಜೀವಂತವಾಗಿಯೇ ಇರುತ್ತವೆ. ಸೆಲ್ಫಿನ ದಪ್ಪ ವೈರಿಗೆ ಸಾಮಾನ್ಯವಾಗಿ ಫ್ಯೂಸ್ ಕೂಡ ಇರುವುದಿಲ್ಲ. ಆದ್ದರಿಂದ ವೈರಿಂಗಿಗೆ ಕೈ ಹಾಕುವ ಮುನ್ನ ಬ್ಯಾಟರಿಯನ್ನೇ ಬೇರ್ಪಡಿಸಬೇಕು.

ಕರಿ ತಂತಿ ಮೊದಲು ಏಕೆ?

ಮನೆಯ ಬಲ್ಬಿಗೆ ಎರಡು ತಂತಿ ಹೋಗುತ್ತವೆ. ಟ್ರ್ಯಾಕ್ಟರಿನ ಬಲ್ಬಿಗೆ ಬಹುತೇಕ ಒಂದೇ. ಹಾಗಾದರೆ ಮಂಡಲ ಪೂರ್ಣವಾಗುವುದು ಹೇಗೆ? ವಾಹನದ ಕಬ್ಬಿಣದ ಮೈಯೇ ಎರಡನೆಯ ತಂತಿ. ಬ್ಯಾಟರಿಯ ಮೈನಸ್ ತುದಿಯನ್ನು ಒಂದು ದಪ್ಪ ಕರಿ ವೈರಿನಿಂದ ಬಾಡಿಗೆ ಕಟ್ಟಿರುತ್ತಾರೆ. ಇದನ್ನೇ ಮಿಸ್ತ್ರಿಗಳು ಅರ್ಥ್ ಎನ್ನುವುದು. ಪ್ಲಸ್ ತುದಿಯಿಂದ ಹೊರಟ ಪ್ರವಾಹ ಬಲ್ಬು, ಹಾರ್ನು, ಮೋಟಾರುಗಳನ್ನು ಹಾಯ್ದು ಬಾಡಿಗೆ ಇಳಿದು ಕರಿ ವೈರಿನ ಮೂಲಕ ಬ್ಯಾಟರಿಗೆ ಮರಳುತ್ತದೆ. ಅಂದಮೇಲೆ ಬಾನೆಟ್, ಮಡ್‌ಗಾರ್ಡ್, ಎಂಜಿನ್ ಎಲ್ಲವೂ ಬ್ಯಾಟರಿಯ ಮೈನಸ್ ತುದಿಯೇ.

ಈಗ ತಪ್ಪು ಕ್ರಮ ನೋಡಿ. ಕರಿ ವೈರು ಹಾಗೆಯೇ ಇದೆ. ನೀವು ಕೆಂಪು ವೈರಿನ ನಟ್ಟಿಗೆ ಪಾನಾ ಹಾಕಿದ್ದೀರಿ. ತಿರುಗಿಸುವಾಗ ಪಾನಾದ ಇನ್ನೊಂದು ತುದಿ ಬಾಡಿಗೆ ತಾಗಿತು. ಬ್ಯಾಟರಿ ಕೂತಿರುವ ಜಾಗ ಇಕ್ಕಟ್ಟು, ಸುತ್ತ ಕಬ್ಬಿಣ; ತಾಗುವುದು ಸಹಜ. ಪ್ಲಸ್ಸಿನಿಂದ ಪಾನಾ, ಪಾನಾದಿಂದ ಬಾಡಿ, ಬಾಡಿಯಿಂದ ಕರಿ ವೈರು, ಅಲ್ಲಿಂದ ಮೈನಸ್. ಮಂಡಲ ಪೂರ್ಣವಾಯಿತು. ಮೇಲೆ ಲೆಕ್ಕ ಹಾಕಿದ 600 ಆಂಪಿಯರ್ ಹರಿಯಿತು.

ಸರಿಯಾದ ಕ್ರಮ ನೋಡಿ. ಕರಿ ವೈರಿನ ನಟ್ಟಿಗೆ ಪಾನಾ ಹಾಕಿದ್ದೀರಿ, ಅದು ಬಾಡಿಗೆ ತಾಗಿತು. ಮೈನಸ್ ತುದಿಯೂ ಬಾಡಿಯೂ ಮೊದಲೇ ಒಂದೇ ವಿಭವದಲ್ಲಿವೆ. ಒಂದೇ ಮಟ್ಟದ ಎರಡು ಕೆರೆಗಳ ನಡುವೆ ಕಾಲುವೆ ತೋಡಿದಂತೆ, ನೀರು ಹರಿಯುವುದಿಲ್ಲ. ಕರಿ ವೈರು ಬಿಚ್ಚಿಯಾಯಿತು. ಈಗ ಕೆಂಪು ನಟ್ಟು ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೂ ಚಿಂತೆಯಿಲ್ಲ. ಬಾಡಿಯಿಂದ ಬ್ಯಾಟರಿಗೆ ಮರಳುವ ದಾರಿಯೇ ಕಡಿದುಹೋಗಿದೆ.

ಜೋಡಿಸುವಾಗ ಇದೇ ತರ್ಕ ತಿರುವುಮುರುವು. ಮೊದಲು ಕೆಂಪು, ಕೊನೆಗೆ ಕರಿ. ಅರ್ಥ್ ತಂತಿ ಮೊದಲು ಬಿಚ್ಚುವಂಥದು, ಕೊನೆಗೆ ಕಟ್ಟುವಂಥದು.

ಆದರೆ ಒಂದು ಎಚ್ಚರ. ಪಾನಾ ಪ್ಲಸ್ ಮತ್ತು ಮೈನಸ್ ಕಂಬಗಳೆರಡಕ್ಕೂ ನೇರವಾಗಿ ಅಡ್ಡ ಬಿದ್ದರೆ ಯಾವ ಕ್ರಮವೂ ಕಾಯುವುದಿಲ್ಲ. ಬಿಚ್ಚಿಟ್ಟ ಬ್ಯಾಟರಿಯ ಮೇಲೆ ಸ್ಕ್ರೂಡ್ರೈವರು, ಪಕ್ಕಡ ಇಡುವ ಚಾಳಿ ಕೆಟ್ಟದ್ದು.

ನಿಯಮದ ತಿರುಳು

ಕರಿ, ಕೆಂಪು ಎಂದು ಬಣ್ಣವನ್ನೇ ನಂಬಿ ಕೂಡಬಾರದು. ಹಳೆಯ ಗಾಡಿಗಳಲ್ಲಿ ಯಾರೋ ಯಾವಾಗಲೋ ಸಿಕ್ಕಿದ ವೈರು ಹಾಕಿರುತ್ತಾರೆ. ಎಣ್ಣೆ, ಧೂಳು ಕೂತು ಕೆಂಪೂ ಕರಿಯಾಗಿರುತ್ತದೆ. ಬ್ಯಾಟರಿಯ ಮೇಲೆ ಕೊರೆದಿರುವ ಪ್ಲಸ್, ಮೈನಸ್ ಗುರುತನ್ನು ಒರೆಸಿ ನೋಡಿ. ಗುಂಡನೆಯ ಕಂಬಗಳಿದ್ದರೆ ಪ್ಲಸ್ ಕಂಬ ತುಸು ದಪ್ಪ, ಮೈನಸ್ ಕಂಬ ತುಸು ಸಣ್ಣ.

ಇನ್ನೊಂದು ಸ್ವಾರಸ್ಯದ ಸಂಗತಿ. ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಕಾರುಗಳಲ್ಲಿ, ಫರ್ಗ್ಯುಸನ್ ಟಿಇ-20ರಂಥ ಟ್ರ್ಯಾಕ್ಟರುಗಳಲ್ಲಿ ಬಾಡಿಗೆ ಕಟ್ಟುತ್ತಿದ್ದುದು ಪ್ಲಸ್ ತುದಿಯನ್ನು. ಅಂಥ ಗಾಡಿಯಲ್ಲಿ ಮೊದಲು ಮೈನಸ್ ಬಿಚ್ಚಿದರೆ ಅದೇ ತಪ್ಪು ಕ್ರಮ! ಆದ್ದರಿಂದ ನಿಯಮವನ್ನು ಹೀಗೆ ನೆನಪಿಡಿ: ಯಾವ ತುದಿಯನ್ನು ಬಾಡಿಗೆ ಕಟ್ಟಿದೆಯೋ ಆ ತುದಿ ಮೊದಲು. ಇಂದಿನ ನಮ್ಮ ಗಾಡಿಗಳಲ್ಲಿ ಅದು ಮೈನಸ್.

ಬಿಚ್ಚುವ ಕ್ರಮ

1. ಗಾಡಿಯನ್ನು ಸಮನಾದ ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್ ಮಾಡಿ. ಟ್ರ್ಯಾಕ್ಟರಾದರೆ ಹಿಂದಿನ ಸಾಮಾನನ್ನು ನೆಲಕ್ಕೆ ಇಳಿಸಿ.

2. ಲೈಟು, ಟೇಪು ಎಲ್ಲ ಆರಿಸಿ ಕೀಲಿ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಕೀಲಿಯನ್ನು ಒಳಗೇ ಬಿಟ್ಟರೆ ಕಾರಿನ ಬಾಗಿಲು ಬೀಗ ಬೀಳಬಹುದು.

3. ಹೊಸ ಗಾಡಿಗಳಾದರೆ ಕೀಲಿ ತೆಗೆದ ಮೇಲೂ ಕೆಲವು ನಿಮಿಷ ಕಾಯಬೇಕು. ಅವುಗಳಲ್ಲಿನ ಪುಟ್ಟ ಗಣಕಗಳು ಕೀಲಿ ತೆಗೆದ ಮೇಲೂ ತುಸು ಹೊತ್ತು ಕೆಲಸ ಮಾಡುತ್ತಿರುತ್ತವೆ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಬ್ಯಾಟರಿ ಬಿಚ್ಚಿದ ನಂತರವೂ ಕಾಯಬೇಕು. ಎಷ್ಟು ಹೊತ್ತು ಎಂಬುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ. ಏರ್‌ಬ್ಯಾಗಿನ ವೈರಿಗೆ ಮಾತ್ರ ಮನೆಯವರು ಕೈ ಹಾಕಲೇಬಾರದು.

4. ಉಂಗುರ, ಕೈಗಡಿಯಾರ, ಬೆಳ್ಳಿಯ ಕಡಗ, ಕೊರಳಿನ ಚೈನು ತೆಗೆದಿಡಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಹಾಕಿಕೊಳ್ಳಿ. ಬೀಡಿ, ಸಿಗರೇಟು, ಕಡ್ಡಿಪೆಟ್ಟಿಗೆ ದೂರ. ಒಳಗೆ ನೀರು ಎಷ್ಟಿದೆ ಎಂದು ನೋಡಲು ಕಡ್ಡಿ ಗೀರಿ ಬಗ್ಗುವುದು ಕಣ್ಣನ್ನೇ ಪಣಕ್ಕಿಟ್ಟಂತೆ.

5. ಬಾನೆಟ್ ತೆರೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ. ಜಲಜನಕ ಗಾಳಿಗಿಂತ ಸುಮಾರು ಹದಿನಾಲ್ಕು ಪಟ್ಟು ಹಗುರ. ತೆರೆದರೆ ಮೇಲೆ ಹಾರಿಹೋಗುತ್ತದೆ, ಮುಚ್ಚಿದ್ದರೆ ಮುಚ್ಚಳದ ಕೆಳಗೆ ಕೂತಿರುತ್ತದೆ.

6. ಸರಿಯಾದ ಅಳತೆಯ ಪಾನಾ ತೆಗೆದುಕೊಳ್ಳಿ. ಹಿಡಿಕೆಗೆ ಇನ್ಸುಲೇಷನ್ ಟೇಪು ಸುತ್ತಿದರೆ ಒಳ್ಳೆಯದು. ಮೈನಸ್ ನಟ್ಟು ಸಡಿಲಿಸಿ, ಕ್ಲ್ಯಾಂಪನ್ನು ಅತ್ತಿತ್ತ ತಿರುಗಿಸಿ ಮೇಲೆತ್ತಿ. ಸುತ್ತಿಗೆಯಿಂದ ಬಡಿಯುವುದು, ಸ್ಕ್ರೂಡ್ರೈವರಿನಿಂದ ಮೀಟುವುದು ಬೇಡ. ಕಂಬ ಒಳಗೆ ಮುರಿಯುತ್ತದೆ.

7. ಬಿಚ್ಚಿದ ಕರಿ ವೈರು ಮತ್ತೆ ಪುಟಿದು ಕಂಬಕ್ಕೆ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕೆ ಕಟ್ಟಿ. ವೈರಿಂಗ್ ಕೆಲಸವಷ್ಟೇ ಇದ್ದರೆ ಇಲ್ಲಿಗೆ ಸಾಕು. ಬ್ಯಾಟರಿಯನ್ನೇ ಹೊರತೆಗೆಯುವುದಿದ್ದರೆ ಮಾತ್ರ ಪ್ಲಸ್ ಬಿಚ್ಚಿ. ಟ್ರ್ಯಾಕ್ಟರಿನ ಬ್ಯಾಟರಿ ಭಾರ. ವಾಲಿಸದೆ ನೆಟ್ಟಗೆ ಎತ್ತಬೇಕು. ಚಿಕ್ಕವರ ಕೆಲಸವಲ್ಲ.

ಮರಳಿ ಕಟ್ಟುವಾಗ ಕಂಬಗಳ ಮೇಲಿನ ಬಿಳಿ-ಹಸಿರು ಕಿಲುಬನ್ನು ಬಿಸಿನೀರು, ಅಡುಗೆ ಸೋಡಾದಿಂದ ತೊಳೆದು ಒರೆಸಿ. ಸೋಡಾ ನೀರು ಕೋಶದೊಳಗೆ ಹೋಗಬಾರದು. ಕಟ್ಟಿದ ಮೇಲೆ ತುಸು ವ್ಯಾಸಲೀನ್ ಸವರಿದರೆ ಕಿಲುಬು ಬೇಗ ಹಿಡಿಯುವುದಿಲ್ಲ. ಕೊನೆಯ ಕರಿ ವೈರು ತಾಗಿಸುವಾಗ ಸಣ್ಣ ಕಿಡಿ ಬರಬಹುದು. ದೊಡ್ಡ ಕಿಡಿ ಬಂದರೆ ಎಲ್ಲೋ ಸ್ವಿಚ್ಚು ಹಾಕಿದೆ ಅಥವಾ ವೈರು ಬಾಡಿಗೆ ತಾಗಿದೆ ಎಂದರ್ಥ. ಅಲ್ಲಿಗೇ ನಿಲ್ಲಿಸಿ ಹುಡುಕಿ.

ಎಂಜಿನ್ ಓಡುವಾಗ ಬೇಡ

ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆಯೇ ಎಂದು ನೋಡಲು ಎಂಜಿನ್ ಚಾಲೂ ಇಟ್ಟು ಬ್ಯಾಟರಿಯ ವೈರು ಕೀಳುವ ಪದ್ಧತಿ ಹಲವು ಕಡೆ ಇದೆ. ಎಂಜಿನ್ ನಿಲ್ಲದಿದ್ದರೆ ಚಾರ್ಜಿಂಗ್ ಸರಿ ಎಂದು ತೀರ್ಮಾನ. ಇದು ಡೈನಮೋ ಕಾಲದ ಪಳೆಯುಳಿಕೆ. ಆಲ್ಟರ್ನೇಟರಿನೊಳಗೆ ತಿರುಗುವ ವಿದ್ಯುತ್ಕಾಂತದ ಬಲ ಒಮ್ಮೆಲೇ ಇಳಿಯುವುದಿಲ್ಲ. ಉತ್ಪಾದನೆಯಾಗುತ್ತಿರುವ ಪ್ರವಾಹವನ್ನು ನುಂಗುತ್ತಿದ್ದ ಬ್ಯಾಟರಿಯನ್ನು ಥಟ್ಟನೆ ಕಿತ್ತರೆ ವೋಲ್ಟೇಜು ಕ್ಷಣಾರ್ಧ ನೂರರ ಹತ್ತಿರಕ್ಕೂ ನೆಗೆಯಬಲ್ಲದು. ಬಲ್ಬು ಮಾತ್ರ ಇದ್ದ ಕಾಲದಲ್ಲಿ ಬಲ್ಬು ಹೋಗುತ್ತಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ರಸ್ತೆಯ ಗಾಡಿಗಳಲ್ಲಿ ಗಣಕದ ಪಾತ್ರ ಇನ್ನೂ ಹೆಚ್ಚಿದೆ. 50 ಅಶ್ವಶಕ್ತಿಗಿಂತ ದೊಡ್ಡ ಟ್ರ್ಯಾಕ್ಟರುಗಳಿಗೂ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದು, ಡೀಸೆಲ್ ಸಿಂಪಡಣೆಯೇ ವಿದ್ಯುನ್ಮಾನದ ಕೈಗೆ ಹೋಗಿದೆ. ಒಂದು ಕ್ಷಣದ ಪರೀಕ್ಷೆಗೆ ಸಾವಿರಾರು ರೂಪಾಯಿಯ ಗಣಕ ಸುಟ್ಟೀತು.

ಸರಿಯಾದ ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು. ಎಂಜಿನ್ ನಿಲ್ಲಿಸಿ ಕೆಲ ಗಂಟೆ ಬಿಟ್ಟ ಬ್ಯಾಟರಿ 12.6ರ ಆಸುಪಾಸು ತೋರಿಸಿದರೆ ತುಂಬಿದೆ. 12ರ ಹತ್ತಿರವಿದ್ದರೆ ಬಹುತೇಕ ಖಾಲಿ. ಎಂಜಿನ್ ಓಡುವಾಗ ಸುಮಾರು 13.8ರಿಂದ 14.5 ತೋರಿಸಿದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ.

ಅದೇ ರೀತಿ ಟ್ರ್ಯಾಕ್ಟರಿಗೆ ಅಥವಾ ಅದಕ್ಕೆ ಹೂಡಿದ ಸಾಮಾನಿಗೆ ವೆಲ್ಡಿಂಗ್ ಮಾಡಿಸುವ ಮುನ್ನವೂ ಬ್ಯಾಟರಿ ಬಿಚ್ಚಬೇಕು. ವೆಲ್ಡಿಂಗಿನ ಅರ್ಥ್ ಕ್ಲ್ಯಾಂಪನ್ನು ಬೆಸುಗೆಯ ಜಾಗದ ಹತ್ತಿರವೇ ಹಾಕಬೇಕು. ದೂರ ಹಾಕಿದರೆ ಪ್ರವಾಹ ಗಾಡಿಯ ವೈರಿಂಗು, ಬೇರಿಂಗುಗಳ ಮೂಲಕ ದಾರಿ ಹುಡುಕುತ್ತದೆ.

ಸೆಲ್ಫ್ ಮೋಟಾರಿನ ತುದಿಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಟ್ರ್ಯಾಕ್ಟರ್ ಚಾಲೂ ಮಾಡುವ ಸಾಹಸವನ್ನಂತೂ ಯಾರೂ ಮಾಡಬಾರದು. ಗೇರಿನಲ್ಲಿದ್ದ ಟ್ರ್ಯಾಕ್ಟರು ಹಾಗೆಯೇ ಮುಂದೆ ನುಗ್ಗುತ್ತದೆ. ಚಾಲೂ ಮಾಡಿದವನು ನಿಂತಿರುವುದು ದೊಡ್ಡ ಗಾಲಿಯ ಮುಂದೆ.

ಆಮ್ಲ ತಾಗಿದರೆ

ಬ್ಯಾಟರಿಯ ಆಮ್ಲ ಕಣ್ಣಿಗೆ ಹಾರಿದರೆ ಕಣ್ಣು ತೆರೆದು ಹಿಡಿದು ಶುದ್ಧ ನೀರನ್ನು ಕಡಿಮೆಯೆಂದರೆ ಹದಿನೈದು ಇಪ್ಪತ್ತು ನಿಮಿಷ ಸುರಿಯುತ್ತಲೇ ಇರಬೇಕು. ಆಮೇಲೆ ತಡಮಾಡದೆ ವೈದ್ಯರ ಬಳಿ. ಕಣ್ಣಿಗೆ ಸೋಡಾ, ಹಾಲು, ಎಣ್ಣೆ ಏನನ್ನೂ ಹಾಕಬಾರದು. ಚರ್ಮಕ್ಕೆ ತಾಗಿದರೂ ನೀರೇ ಮದ್ದು. ನೆನೆದ ಬಟ್ಟೆ ಕೂಡಲೇ ತೆಗೆಯಬೇಕು. ನೆಲಕ್ಕೆ ಚೆಲ್ಲಿದ್ದಕ್ಕೆ ಮಾತ್ರ ಅಡುಗೆ ಸೋಡಾ. ಕೆಲಸಕ್ಕೆ ಇಳಿಯುವ ಮುಂಚೆಯೇ ಒಂದು ಬಕೆಟ್ ನೀರು ಪಕ್ಕದಲ್ಲಿರಲಿ. ಬಾವಿ, ಕೊಳವೆಬಾವಿ ದೂರವಿರುವ ಹೊಲದಲ್ಲಿ ಈ ಮಾತು ಮತ್ತೂ ಮುಖ್ಯ. ಬ್ಯಾಟರಿಗೆ ಕಡಿಮೆಯಾದಾಗ ಹಾಕಬೇಕಾದದ್ದು ಬಟ್ಟಿಯಿಳಿಸಿದ ನೀರನ್ನು ಮಾತ್ರ.

ಸತ್ತ ಬ್ಯಾಟರಿಯ ಆಮ್ಲವನ್ನು ಬದುವಿಗೆ, ಗಟಾರಕ್ಕೆ ಸುರಿಯಬಾರದು. ಸೀಸ ಮಕ್ಕಳ ಮೆದುಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟರೆ ಬೆಲೆಯಲ್ಲಿ ಕಡಿತವೂ ಸಿಗುತ್ತದೆ.

ಬ್ಯಾಟರಿಯಿಂದಲೇ ಓಡುವ ಗಾಡಿ

ಭಾರತದ ವಿದ್ಯುತ್ ಕಾರು ರೇವಾ 2001ರಲ್ಲಿ ಬೆಂಗಳೂರಿನಲ್ಲಿ ರಸ್ತೆಗಿಳಿದಾಗ ಅದರಲ್ಲಿದ್ದುದು 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು, ಒಟ್ಟು 48 ವೋಲ್ಟ್. ಇಂದಿನ ವಿದ್ಯುತ್ ಕಾರುಗಳಲ್ಲಿ ಮುನ್ನೂರು, ನಾಲ್ಕುನೂರು ವೋಲ್ಟಿನ ಲಿಥಿಯಂ ಬ್ಯಾಟರಿಗಳಿವೆ. ಅವುಗಳಲ್ಲಿಯೂ ಚಿಕ್ಕದೊಂದು 12 ವೋಲ್ಟಿನ ಬ್ಯಾಟರಿ ಇರುತ್ತದೆ. ಅದನ್ನು ಬಿಚ್ಚಿದ ಮಾತ್ರಕ್ಕೆ ದೊಡ್ಡ ಬ್ಯಾಟರಿ ಸಾಯುವುದಿಲ್ಲ. ಕಿತ್ತಳೆ ಬಣ್ಣದ ವೈರು ಕಂಡರೆ ಕೈ ಹಿಂದಕ್ಕೆ. ಅದು ತರಬೇತಿ ಪಡೆದವರ ಕೆಲಸ.

ಪಾಲಕರಿಗೆ ಎರಡು ಮಾತು

ಮಗನೋ ಮಗಳೋ ಬಾನೆಟ್ ತೆರೆದರೆ ಗದರಿಸಿ ಓಡಿಸಬೇಡಿ. ಪಕ್ಕದಲ್ಲಿ ನಿಂತು, ಮೇಲಿನ ಕ್ರಮ ಪಾಲಿಸುವಂತೆ ನೋಡಿಕೊಂಡು ಮಾಡಿಸಿ. ಆದರೆ 14 ವರ್ಷದೊಳಗಿನ ಮಕ್ಕಳನ್ನು ಗ್ಯಾರೇಜಿನ ಕೆಲಸಕ್ಕೆ ಇಡುವುದು ಕಾನೂನಿಗೆ ವಿರುದ್ಧ. ಶಾಲೆ ಬಿಡಿಸಿ ‘ಕೆಲಸ ಕಲಿಯಲಿ’ ಎಂದು ಕಳಿಸಬೇಡಿ. ಈ ಕೆಲಸದಲ್ಲಿ ನಿಜವಾದ ಆಸಕ್ತಿಯಿದ್ದರೆ ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್, ಟ್ರ್ಯಾಕ್ಟರ್ ಮೆಕ್ಯಾನಿಕ್ ಒಂದೊಂದು ವರ್ಷದ, ಮೋಟಾರು ವಾಹನ ಮೆಕ್ಯಾನಿಕ್ ಎರಡು ವರ್ಷದ ಕೋರ್ಸುಗಳಿವೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳಿಗೂ, ಊರಿನ ಟ್ರ್ಯಾಕ್ಟರುಗಳಿಗೂ ಓದಿ ಕಲಿತ ಮಿಸ್ತ್ರಿಗಳು ಬೇಕೇ ಬೇಕು. ಮುಂದಿನ ಗಾಡಿಗಳು ಪಾನಾದ ಜೊತೆಗೆ ಪುಸ್ತಕವನ್ನೂ ಕೇಳುತ್ತವೆ.

ಈ ವಾರದ ಪ್ರಶ್ನೆ

ಬಸ್ಸು, ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ಒಂದನೆಯ ಬ್ಯಾಟರಿಯ ಮೈನಸ್ ಬಾಡಿಗೆ, ಅದರ ಪ್ಲಸ್ ಎರಡನೆಯದರ ಮೈನಸ್ಸಿಗೆ, ಎರಡನೆಯದರ ಪ್ಲಸ್ ಗಾಡಿಯ ವೈರಿಂಗಿಗೆ. ಒಬ್ಬ ಹುಡುಗ ಅರ್ಥ್ ವೈರು ಬಿಟ್ಟು, ಎರಡೂ ಬ್ಯಾಟರಿಗಳನ್ನು ಕೂಡಿಸುವ ನಡುವಿನ ವೈರನ್ನು ಮೊದಲು ಬಿಚ್ಚಲು ಹೊರಟ. ಒಂದನೆಯ ಬ್ಯಾಟರಿಯ ಪ್ಲಸ್ ಕಂಬದ ಮೇಲಿದ್ದ ಅವನ ಪಾನಾ ಬಾಡಿಗೆ ತಾಗಿತು. ಕಿಡಿ ಹಾರುತ್ತದೆಯೇ? ಹಾರಿದರೆ ಎಷ್ಟು ವೋಲ್ಟಿನದು? ಚಿತ್ರ ಬರೆದು, ಪ್ರವಾಹದ ದಾರಿಯನ್ನು ಬೆರಳಿನಿಂದ ತೀಡಿ ನೋಡಿ. ಉತ್ತರ ಅಲ್ಲೇ ಸಿಗುತ್ತದೆ.